ಅಜ್ಜಿಯ ಪಿಂಚಣಿಯೂ ಹದಿಮೂರು ಪ್ರಶ್ನೆಗಳೂ



ನಾನು ವಿದ್ಯಾರ್ಥಿವೇತನದ ಬಗ್ಗೆ ಮಾತನಾಡುತ್ತೇನೆಂದು ನೀವು ಎಣಿಸಿರಬಹುದು. ಇಂದು ನಿಮ್ಮ ಅಜ್ಜಿಯ ಪಿಂಚಣಿಯ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಸರಕಾರ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಎನ್ನುವುದು ಯಾವ ಲೆಕ್ಕದಲ್ಲಿ?

ಮುಪ್ಪು, ಕಾಯಿಲೆ, ಅಂಗವಿಕಲತೆಯ ಕಾಲದಲ್ಲಿ ಸರಕಾರ ತನ್ನ ಶಕ್ತಿಗೆ ತಕ್ಕಂತೆ ನೆರವಾಗಬೇಕೆಂದು ನಮ್ಮ ಸಂವಿಧಾನದ 41ನೇ ವಿಧಿ ಹೇಳುತ್ತದೆ. ಕೇಂದ್ರದ ವೃದ್ಧಾಪ್ಯ ಪಿಂಚಣಿ ಶುರುವಾದದ್ದು 1995ರ ಆಗಸ್ಟ್ 15ರಂದು. 65 ದಾಟಿದ ನಿರ್ಗತಿಕರಿಗೆ ತಿಂಗಳಿಗೆ 75 ರೂಪಾಯಿ. 2007ರಲ್ಲಿ 'ನಿರ್ಗತಿಕ' ಎಂಬ ಮಾತು ಹೋಗಿ 'ಬಡತನ ರೇಖೆಗಿಂತ ಕೆಳಗಿನವರು' ಎಂದಾಯಿತು. 2011ರಲ್ಲಿ ವಯಸ್ಸು 60ಕ್ಕೆ ಇಳಿಯಿತು. ಕೇಂದ್ರದ ಪಾಲು 200 ರೂಪಾಯಿ, 80 ದಾಟಿದವರಿಗೆ 500. ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಇಲ್ಲಿ ಒಂದು ವಿಷಯ ಗಮನಿಸಿ. ಹಣ ಎಷ್ಟೆಂಬುದನ್ನು ವಯಸ್ಸು ಹೇಳುತ್ತದೆ, ಕಷ್ಟ ಹೇಳುವುದಿಲ್ಲ. ನಿಮ್ಮ ಕಷ್ಟ ಬಾಗಿಲು ತೆರೆಯುತ್ತದೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ.

ಆ ಬಾಗಿಲಿನ ಬೀಗ ಬಿಪಿಎಲ್ ಪಟ್ಟಿ. ಹಳ್ಳಿಗಳಿಗಾಗಿ 2002ರ ಗಣತಿಯಲ್ಲಿ ಪ್ರತಿ ಮನೆಗೂ 13 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ, ಒಟ್ಟು 52. ಕಡಿಮೆ ಅಂಕ ಬಂದವರು ಬಡವರು. ಎಷ್ಟು ಜಮೀನು, ಎಂಥ ಮನೆ, ಉಡಲು ಎಷ್ಟು ಬಟ್ಟೆ, ದಿನಕ್ಕೆ ಎಷ್ಟು ಹೊತ್ತು ಊಟ. ಇಷ್ಟರವರೆಗೆ ಸರಿ. ಆದರೆ ಮನೆಯಲ್ಲಿ ಅತಿ ಹೆಚ್ಚು ಓದಿದವರು ಯಾರೆಂದೂ ಕೇಳಿದರು. ಅನಕ್ಷರಸ್ಥರಾದರೆ 0, ಪದವೀಧರರಿದ್ದರೆ 3. ಮಕ್ಕಳು ಶಾಲೆ ಬಿಟ್ಟು ದುಡಿಯುತ್ತಿದ್ದರೆ 0; ದುಡಿಮೆಗೆ ಕಳಿಸದೆ ಬರೀ ಶಾಲೆಗೆ ಕಳಿಸಿದರೆ ಪೂರ್ತಿ 4! ದಿನದ ಖರ್ಚಿಗೆ ಕೈಸಾಲ ಮಾಡಿದ ಮನೆಗೆ 0. ಸಾಲವಿಲ್ಲದೆ ಒಂದಿಷ್ಟು ಆಸ್ತಿ ಇಟ್ಟುಕೊಂಡ ಮನೆಗೆ 4.

ನಮ್ಮ ನೆರೆಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಸಾಕುತ್ತಿದ್ದ ವಿಧವೆ ತಾಯಿಯೊಬ್ಬರಿದ್ದರು. ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಮಗ ಆರನೇ ತರಗತಿ. ಮನೆಯಲ್ಲೊಂದು ಫ್ಯಾನು, ಮಗಳ ಮದುವೆಗೆಂದು ಪೆಟ್ಟಿಗೆ ಬಿಚ್ಚದೆ ಇಟ್ಟ ಕುಕ್ಕರು. ಎಲ್ಲಕ್ಕೂ ಅಂಕ ಬಿತ್ತು. ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಹುಡುಗನನ್ನು ಹೋಟೆಲ್ ಕೆಲಸಕ್ಕೆ ಕಳಿಸಿದ್ದ ಪಕ್ಕದ ಮನೆಯ ಹೆಸರು ಬಂತು. "ಮಾಷ್ಟ್ರೇ, ಓದಿಸಿದ್ದು ತಪ್ಪಾಯಿತಾ?" ಎಂದು ಆಕೆ ಕೇಳಿದರು. 2009ರಲ್ಲಿ 40 ದಾಟಿದ ಬಡ ವಿಧವೆಯರಿಗೆ ಕೇಂದ್ರದ ಪಿಂಚಣಿ ಬಂದಾಗಲೂ ಕೇಳಿದ್ದು ಅದೇ ಪಟ್ಟಿಯನ್ನು.

ಎಷ್ಟು ಅಂಕದವರೆಗೆ ಬಡವರು ಎಂಬುದನ್ನು ರಾಜ್ಯಗಳೇ ಗೆರೆ ಎಳೆದು ನಿರ್ಧರಿಸಿದವು. ಒಟ್ಟು ಬಡವರ ಸಂಖ್ಯೆ ಯೋಜನಾ ಆಯೋಗದ ಅಂದಾಜನ್ನು ಹೆಚ್ಚು ಮೀರದಂತೆ ಆ ಗೆರೆ ಇರಬೇಕಿತ್ತು. ಅಂದರೆ ನಿಮ್ಮ ಮನೆ ಬಡ ಮನೆಯೋ ಅಲ್ಲವೋ ಎಂಬುದು ಊರಿನ ಉಳಿದವರ ಅಂಕದ ಮೇಲೂ ನಿಂತಿತ್ತು.

ಬೇರೆ ಬಗೆಯ ಲೆಕ್ಕವೂ ಇದೆ. ಅಮೆರಿಕದಲ್ಲಿ ಬಡ ವೃದ್ಧರಿಗೆ ಮತ್ತು ಅಂಗವಿಕಲರಿಗೆ 1974ರಿಂದ ಇರುವ ನೆರವಿನಲ್ಲಿ ಗೆರೆ ದಾಟಿದೊಡನೆ ಎಲ್ಲವೂ ಹೋಗುವುದಿಲ್ಲ. 2025ರಲ್ಲಿ ಒಬ್ಬರಿಗೆ ತಿಂಗಳಿಗೆ ಹೆಚ್ಚೆಂದರೆ 967 ಡಾಲರ್. ಅವರು 585 ಡಾಲರ್ ದುಡಿದರೆ, ಬೇರೆ ಆದಾಯವಿಲ್ಲದಿದ್ದಲ್ಲಿ, ಮೊದಲ 85 ಲೆಕ್ಕಕ್ಕಿಲ್ಲ. ಉಳಿದ 500ರಲ್ಲಿ ಅರ್ಧ ಮಾತ್ರ ಕಳೆದು 717 ಡಾಲರ್ ಕೊಡುತ್ತಾರೆ. ಅಲ್ಲಿಯೂ ಹುಳುಕಿಲ್ಲದಿಲ್ಲ. ಒಬ್ಬರ ಕೈಯಲ್ಲಿ 2,000 ಡಾಲರಿಗಿಂತ ಹೆಚ್ಚು ಉಳಿತಾಯ ಇರಕೂಡದೆಂಬ ಮಿತಿ 1989ರಿಂದ ಬದಲಾಗಿಲ್ಲ.

ನಮ್ಮಲ್ಲಿ 2011ರ ಸಮೀಕ್ಷೆ ಆ ಅಂಕಪಟ್ಟಿಯನ್ನು ಕೈಬಿಟ್ಟಿತು. 25 ದಾಟಿದ ಅಕ್ಷರಸ್ಥರೇ ಇಲ್ಲದ ಮನೆಯನ್ನು ಕೊರತೆಯ ಮನೆ ಎಂದು ಎಣಿಸಿತು. ಆದರೆ ಫ್ರಿಜ್ ಇದ್ದವರನ್ನು, ಒಬ್ಬರಾದರೂ ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ದುಡಿಯುವ ಮನೆಯವರನ್ನು ಹೊರಗಿಟ್ಟಿತು. 2023ರಲ್ಲಿ ಕರ್ನಾಟಕದ ಗೃಹಲಕ್ಷ್ಮಿ ಪ್ರಶ್ನೆಯನ್ನೇ ತಿರುಗಿಸಿತು. ಬಡವರೆಂದು ಸಾಬೀತು ಮಾಡಿ ಎನ್ನಲಿಲ್ಲ. ಯಜಮಾನಿಯೋ ಗಂಡನೋ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರೇ ಎಂದು ಕೇಳಿತು. ನನಗೆ ಇದೇ ಹೆಚ್ಚು ಸರಿ ಕಾಣುತ್ತದೆ. ಹೊರಗಿಡಬೇಕಾದವರನ್ನು ಹುಡುಕುವುದು ಸುಲಭ, ಅವರ ಕಾಗದ ಸರಕಾರದ ಬಳಿಯೇ ಇರುತ್ತದೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಷ್ಟು ಮಂದಿ ಮನೆಯ ಅರ್ಜಿಗಳನ್ನು ಸ್ವತಃ ಓದಿದ್ದೀರಿ? ದುಡಿಯುವ ಯಜಮಾನ 60 ತುಂಬುವ ಮೊದಲೇ ತೀರಿಕೊಂಡರೆ ಬಿಪಿಎಲ್ ಕುಟುಂಬಕ್ಕೆ ಒಮ್ಮೆ 20,000 ರೂಪಾಯಿ ಕೊಡುವ ಕೇಂದ್ರ ಯೋಜನೆ ಇದೆ. ನಮ್ಮ ಮೊಹಲ್ಲಾದಲ್ಲಿ ಅದನ್ನು ಕೇಳಿ ಪಡೆದವರನ್ನು ನಾನು ಕಂಡಿಲ್ಲ. ಸಮೀಕ್ಷೆಯವರು ಬಂದಾಗ ಮನೆಯಲ್ಲಿ ಓದಿದವರು ಒಬ್ಬರಿರಬೇಕು. ಸುಳ್ಳು ಹೇಳಲಿಕ್ಕಲ್ಲ, ಅವರು ಬರೆದುಕೊಂಡದ್ದೇನೆಂದು ನೋಡಲಿಕ್ಕೆ.

ಆ ತಾಯಿಯ ವಿಷಯ ಹೇಳಿದೆನಲ್ಲ. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಆಕ್ಷೇಪಣೆ ಕೇಳಿದ ದಿನ ಆಕೆ ಬೀಡಿ ಕೊಡಲು ಹೋಗಿದ್ದರು. ನಾನು ಊರಿನಲ್ಲೇ ಇದ್ದೆ, ಸಭೆಗೆ ಹೋಗಿರಲಿಲ್ಲ.