ಒಡೆದ ಪಾತ್ರೆ, ಚದುರಿದ ಕಿಡಿ



ಯೆಹೂದಿಗಳ ಪುರಾಣದ ಮಾತಿಗೆ ಎಂ.ಕೆ. ಹುಬ್ಬಳ್ಳಿಯೇ ಬೇಕಿತ್ತೇ ಎಂದು ನೀವು ಕೇಳಬಹುದು. ಬೇಕಿತ್ತು. ಇಲ್ಲಿ ಮಲಪ್ರಭೆಯ ಮಡಿಲಲ್ಲಿ ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ಕಲ್ಯಾಣ ಕೆಟ್ಟ ಮೇಲೆ ಶರಣರು ದಿಕ್ಕಾಪಾಲಾದರು. ಚನ್ನಬಸವಣ್ಣನವರ ದಂಡು ಉಳವಿಯ ದಾರಿ ಹಿಡಿಯಿತು. ತಾಯಿ ಗಂಗಾಂಬಿಕೆ ಇಲ್ಲಿಯೇ ಉಳಿದಳು ಎನ್ನುತ್ತದೆ ಪರಂಪರೆ. ಚದುರಿಹೋದವರ ಸಂಕಟ ಈ ಊರಿಗೆ ಹೊಸದಲ್ಲ.

1492ರಲ್ಲಿ ಸ್ಪೇನ್ ತನ್ನ ಯೆಹೂದಿಗಳನ್ನು ಹೊರಹಾಕಿತು. ಮುಂದಿನ ಶತಮಾನದಲ್ಲಿ ಗಲಿಲಾಯದ ಸಫೇದ್ ಊರಲ್ಲಿ ಐಸಾಕ್ ಲೂರಿಯಾ (1534–1572) ಎಂಬ ಗುರು ಒಂದು ಕಥೆ ಹೇಳಿದ. ಸೃಷ್ಟಿಯ ಹೊತ್ತಿನಲ್ಲಿ ದೇವರ ಬೆಳಕನ್ನು ತಾಳಲಾರದೆ ಪಾತ್ರೆಗಳು ಒಡೆದವು, ಕಿಡಿಗಳು ಲೋಕದ ತುಂಬ ಚೆಲ್ಲಿದವು. ಮನುಷ್ಯನ ಒಂದೊಂದು ಸತ್ಕಾರ್ಯವೂ ಒಂದೊಂದು ಕಿಡಿಯನ್ನು ಮೇಲೆತ್ತುತ್ತದೆ. ಈ ಕಥೆಯಲ್ಲಿ ದೇಶ ಕಳೆದುಕೊಂಡವರ ನೋವು ಮಾತಾಡುತ್ತಿದೆ ಎಂದು ವಿದ್ವಾಂಸ ಗೆರ್ಷೋಮ್ ಶೋಲೆಮ್ ವಿವರಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಅದು ಅಲೆದಾಟವನ್ನೇ ಕಾಯಕವಾಗಿಸಿತು. ಪುರಾಣದ ಬೆಲೆ ಇದು.

ಅದೇ ಕಥೆ ಮುಂದೆ ಉರುಳೂ ಆಯಿತು. 1665ರಲ್ಲಿ ಸಬ್ಬತಾಯಿ ಜ್ವಿ ಎಂಬ ಯೆಹೂದಿ ತಾನೇ ಮೆಸ್ಸೀಯ, ಅಂದರೆ ಬರಬೇಕಾದ ಉದ್ಧಾರಕ, ಎಂದು ಸಾರಿಕೊಂಡ. ಯೆಮನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ವರೆಗೆ ಜನ ನಂಬಿದರು. ಮನೆಮಾರು ಮಾರಿದವರೂ ಉಂಟು. ಮರುವರ್ಷ ತುರ್ಕಿ ಸುಲ್ತಾನನ ಮುಂದೆ ಆತ ಇಸ್ಲಾಂ ಸೇರಿದ. ಆಗಲೂ ಕೆಲವರು ಬಿಡಲಿಲ್ಲ: ಕತ್ತಲಲ್ಲಿ ಬಿದ್ದ ಕಿಡಿ ಹೆಕ್ಕಲು ಸ್ವಾಮಿ ತಾನೇ ಇಳಿದಿದ್ದಾನೆ ಎಂದರು. ಕಣ್ಣಾರೆ ಕಂಡದ್ದನ್ನೂ ನುಂಗಿ ನೀರು ಕುಡಿಯುವ ಕಥೆಗೆ ಅಂಜಬೇಕು.

ಕಥೆಯ ಮಾತನ್ನು ಹಾಗೆಯೇ ನಂಬುವ ಈ ಅಪಾಯವನ್ನು ಮೊದಲೇ ಅರಿತಿದ್ದವನು ಯೆಹೂದಿ ದಾರ್ಶನಿಕ ಮೈಮೋನಿಡೀಸ್. ಬಸವಣ್ಣನವರ ಶತಮಾನದವನೇ; ತೀರಿಕೊಂಡದ್ದು 1204ರಲ್ಲಿ. ದೇವರ ಕೈ, ದೇವರ ಸಿಂಹಾಸನ ಎಂಬ ಶಾಸ್ತ್ರದ ಮಾತುಗಳನ್ನು ಅಕ್ಷರಶಃ ಹಿಡಿಯಬೇಡಿ, ದೇವರಿಗೆ ಮೈಯಿಲ್ಲ ಎಂದು ವಾದಿಸಿದ.

ನಮ್ಮ ಮನೆಯ ಮಾತಿಗೆ ಬರೋಣ. ಭೀಮಕವಿ 1369ರಲ್ಲಿ ಬಸವಪುರಾಣ ಬರೆದ. ಅದರಿಂದ ಬಸವಣ್ಣನವರ ಹೆಸರು ಮಠಮಠದ ಪ್ರವಚನದಲ್ಲಿ ಉಳಿಯಿತು. ಆದರೆ ಅಲ್ಲಿ ಅವರು ನಂದಿಯ ಅವತಾರ. ಅವತಾರಿ ಮಾಡಿದ್ದು ನಮ್ಮಂಥವರಿಂದ ಆಗುತ್ತದೆಯೇ ಎಂಬ ನೆಪವೂ ನಮಗೆ ಸಿಕ್ಕಿತು. ಹರಳಯ್ಯ, ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆಯ ಕಥೆ ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ನಮ್ಮ ಮನೆಯ ಮದುವೆ ಬಂದಾಗ ಮೊದಲು ಜಾತಿ ಕೇಳುತ್ತೇವೆ.

ಪುರಾಣ ಕೇಳೋಣ, ಬಿಡುವುದು ಬೇಡ. ಆದರೆ ಚಾಪೆ ಸುತ್ತಿ ಏಳುವಾಗ, ಅದು ನಮ್ಮಿಂದ ಏನು ಮಾಡಿಸಿತು ಎಂದೂ ಕೇಳಿಕೊಳ್ಳೋಣ.