ಟಾಪು ತೆಗೆದ ಕಾರು

(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಲ್ಲಿ ಪಂಪ, ಕುಮಾರವ್ಯಾಸರ ಮಾತು ನಡೆಯುವುದು ವಾಡಿಕೆ. ಇಂದು ನಾವು ಮೋಟಾರು ಕಾರಿನ ಮಾತಾಡಲು ನಿಂತಿದ್ದೇವೆ. “ನೀವು ಪಟ್ಟ ಪಾಡನ್ನೇ ಹೇಳಿ, ನಾಲ್ಕು ಜನಕ್ಕೆ ಉಪಯೋಗವಾದೀತು” ಎಂದು ಕಾರ್ಯದರ್ಶಿಗಳು ಒತ್ತಾಯ ಮಾಡಿದ್ದರಿಂದ ಈ ಧೈರ್ಯ. ನಾವೆಂದರೆ ಮಾಟುಂಗದ ಅಣ್ಣತಮ್ಮಂದಿರಿಬ್ಬರು. ಮಾತನಾಡುವವನು ಒಬ್ಬ, ತಪ್ಪು ಮಾತ್ರ ಇಬ್ಬರದೂ.

ಕನ್ನಡಿಗರಿಗೂ ಮುಂಬಯಿಗೂ ಮೋಟಾರಿಗೂ ಹಳೆಯ ನಂಟುಂಟು. ನಮ್ಮ ದೇಶದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಬರೆದು ಹೋರಾಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅದೇ ಹಂಬಲ ಹೊತ್ತ ವಾಲಚಂದ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಕುರ್ಲಾ ಕಾರ್ಖಾನೆಯಿಂದ ಬಂದ ಫಿಯೆಟ್ ಗಾಡಿಗಳಲ್ಲಿ ಕೂರದ ಮುಂಬಯಿಕರ ನಮ್ಮ ತಲೆಮಾರಿನಲ್ಲಿ ಇರಲಾರ.

ನಮ್ಮ ಗಾಡಿ ಆ ಜಾತಿಯದಲ್ಲ. ಅದು ಸ್ಯಾನ್ ಸ್ಟಾರ್ಮ್; ಬೆಂಗಳೂರಿನ ಸ್ಯಾನ್ ಸಂಸ್ಥೆಯವರು ಗೋವೆಯಲ್ಲಿ ತಯಾರಿಸಿದ ಪುಟ್ಟ ಸ್ಪೋರ್ಟ್ಸ್ ಕಾರು. ಇಬ್ಬರೇ ಕೂರಬಹುದು. ಮೈ ಫೈಬರ್ ಗ್ಲಾಸಿನದು, ಎಂಜಿನ್ 1149 ಸಿ.ಸಿ.ಯ ರೆನೋ, ತಲೆಯ ಮೇಲೆ ಬಟ್ಟೆಯ ಟಾಪು. ಚೆಂಬೂರಿನ ಕನ್ನಡ ಹಿರಿಯರೊಬ್ಬರಲ್ಲಿ ಅದಿತ್ತು. ಮಗ ಪರದೇಶಕ್ಕೆ ಹೋದ ಮೇಲೆ ಮೂಲೆ ಸೇರಿದ್ದ ಗಾಡಿಯನ್ನು, “ನೀವಾದರೂ ಓಡಿಸಿಕೊಂಡಿರಿ” ಎಂದು ಅವರು ಕಡಿಮೆ ಬೆಲೆಗೇ ಕೊಟ್ಟರು.

ಇಂಥ ಗಾಡಿ ಕೊಳ್ಳುವವರು ಏನೇನು ನೋಡಬೇಕು? ಬಣ್ಣ ನೋಡಿ ಮರುಳಾಗಬೇಡಿ. ಫೈಬರ್ ಮೈ ತುಕ್ಕು ಹಿಡಿಯುವುದಿಲ್ಲ, ನಿಜ. ಅದರ ಕೆಳಗಿನ ಕಬ್ಬಿಣಕ್ಕೆ ನಮ್ಮ ಸಮುದ್ರದ ಗಾಳಿ ಬಿಡುವುದಿಲ್ಲ. ಗಾಡಿಯನ್ನು ಎತ್ತಿಸಿ ಅಡಿಭಾಗವನ್ನು ನೋಡಿಸಿರಿ. ಕಾಲಡಿಯ ಚಾಪೆ ಸರಿಸಿ ಕೈಯಾಡಿಸಿರಿ. ಒದ್ದೆಯಿದ್ದರೆ ನೀರು ಎಲ್ಲಿಂದಲೋ ಇಳಿಯುತ್ತಿದೆ ಎಂದರ್ಥ. ಟಾಪನ್ನು ನಾಲ್ಕು ಸಲ ತೆಗೆದು ಹಾಕಿಸಿ, ಹೊಲಿಗೆ, ಕೊಕ್ಕೆ, ರಬ್ಬರು ಪಟ್ಟಿಗಳನ್ನು ಪರೀಕ್ಷಿಸಿರಿ. ಒದ್ದೆಯಾದ ಟಾಪನ್ನು ಎಂದೂ ಮಡಚಿಡಬೇಡಿ, ಬೂಷ್ಟು ಹಿಡಿಯುತ್ತದೆ. ಹಿಂದಿನ ಪ್ಲಾಸ್ಟಿಕ್ ಕಿಟಕಿಯನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರು ಬಿದ್ದು ಮಂಜಾಗುತ್ತದೆ. ಮೊದಲು ನೀರು ಹೊಯ್ದು ಧೂಳು ಇಳಿಸಬೇಕು. ಕಾರಿನ ನೋಂದಣಿಗೆ 15 ವರ್ಷದ ಆಯುಷ್ಯ; ಆ ಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅದನ್ನೂ ಕೇಳಿ ತಿಳಿಯಿರಿ. ಬಿಡಿಭಾಗಗಳ ಹುಡುಕಾಟಕ್ಕೆ ನಮಗೆ ಕುರ್ಲಾದ ಸಿ.ಎಸ್.ಟಿ. ರಸ್ತೆಯೇ ಕಾಶಿ.

ಓಡಿಸುವ ಸುಖ ಎಂಥದೆಂದು ಕೇಳಿದರೆ, ಭಾನುವಾರ ಬೆಳಗಾಗುವ ಮೊದಲು ಮರೀನ್ ಡ್ರೈವಿಗೆ ಹೋಗಬೇಕು. ತಲೆಯ ಮೇಲೆ ಆಕಾಶ, ಪಕ್ಕದಲ್ಲಿ ಸಮುದ್ರದ ಸದ್ದು. ಹತ್ತು ಗಂಟೆಯ ಹೊತ್ತಿಗೆ ಸಾಯನ್ ವೃತ್ತದಲ್ಲಿ ಅದೇ ಗಾಡಿಯಲ್ಲಿ ಕೂತರೆ, ಲಾರಿಯ ಹೊಗೆ ನೇರವಾಗಿ ಮೂಗಿಗೆ ಬರುತ್ತದೆ. ಕುಳ್ಳ ಗಾಡಿಯಾದ್ದರಿಂದ ಬಸ್ಸಿನ ಚಾಲಕನ ಕಣ್ಣಿಗೆ ನಾವು ಬೀಳುವುದೂ ಅನುಮಾನ. ಇನ್ನು ಮಳೆಗಾಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಊರಿದು. ಹಿಂದಮಾತಾ, ಮಿಲನ್ ಸಬ್‌ವೇಗಳಲ್ಲಿ ನೀರು ನಿಂತಿದ್ದರೆ ಇಂಥ ಗಾಡಿಯನ್ನು ಇಳಿಸಲೇಬಾರದು. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಬೇಡಿ, ತಳ್ಳಿಸಿರಿ. ಸಿಲಿಂಡರಿನೊಳಗೆ ನೀರು ಹೊಕ್ಕಿದ್ದರೆ ಒಳಗಿನ ರಾಡು ಬಾಗಿ ಎಂಜಿನ್ನೇ ಹೋಗುತ್ತದೆ.

ಈಗ ನಮ್ಮ ತಪ್ಪಿನ ಮಾತು. ಗಾಡಿ ತಂದ ದಿನವೇ ಹಿರಿಯರು 29 ಮತ್ತು 30ನೆಯ ನಮೂನೆಗಳಿಗೆ ಸಹಿ ಮಾಡಿ ನಮ್ಮ ಕೈಗಿಟ್ಟಿದ್ದರು. “ಆರ್.ಟಿ.ಓ.ಗೆ ನಾವೇ ಕೊಡುತ್ತೇವೆ ಮಾಮಾ, ನೀವು ಓಡಾಡಬೇಡಿ” ಎಂದೆವು. ಕಾಗದಗಳು ನಮ್ಮ ಮೇಜಿನ ಖಾನೆಯಲ್ಲೇ ಆರು ತಿಂಗಳು ಕಳೆದವು.

ಜುಲೈ ತಿಂಗಳ ಒಂದು ಸಂಜೆ, ಕಿಂಗ್ಸ್ ಸರ್ಕಲ್ ಬಳಿ ಇದ್ದಕ್ಕಿದ್ದಂತೆ ಮಳೆ ಬಂತು. ಗಾಡಿ ಬದಿಗೆ ನಿಲ್ಲಿಸಿ ಟಾಪು ಹಾಕಬೇಕಿತ್ತು. ನಾವು ಹಾಗೆ ಮಾಡಲಿಲ್ಲ. ಒಬ್ಬ ಸ್ಟಿಯರಿಂಗ್ ಹಿಡಿದಿದ್ದ, ಇನ್ನೊಬ್ಬ ಕೊಕ್ಕೆ ಎಳೆಯುತ್ತಿದ್ದ. ನಾಲ್ಕು ಕಣ್ಣೂ ಟಾಪಿನ ಮೇಲೆ. ಪಾವ್ ಹೊತ್ತ ಸೈಕಲ್ಲಿನವನಿಗೆ ಗಾಡಿ ತಾಗಿತು. ಬಡಪಾಯಿಯ ಕಾಲಿನ ಎಲುಬು ಮುರಿಯಿತು. ಅವನನ್ನು ಆಸ್ಪತ್ರೆಗೆ ಸೇರಿಸಿದೆವು, ಪೊಲೀಸರಿಗೆ ಇದ್ದುದನ್ನು ಇದ್ದಂತೆ ಹೇಳಿದೆವು. ಅಲ್ಲಿಗೆ ಮುಗಿಯಿತೆಂದುಕೊಂಡೆವು.

ಪರಿಹಾರದ ಅರ್ಜಿ ನ್ಯಾಯಮಂಡಳಿಗೆ ಹೋಯಿತು. ನೋಟೀಸು ಬಂದದ್ದು ಚೆಂಬೂರಿಗೆ. ಎಪ್ಪತ್ತು ದಾಟಿದ ಆ ಹಿರಿಯರು ಕಾಗದ ಹಿಡಿದು ನಮ್ಮ ಮೂರು ಮಾಳಿಗೆ ಹತ್ತಿ ಬಂದರು. “ಗಾಡಿ ಮಾರಿ ಆರು ತಿಂಗಳ ಮೇಲಾಯ್ತಲ್ಲಪ್ಪಾ, ನನ್ನನ್ನ್ಯಾಕೆ ಕರೀತಾರೆ?” ಎಂದರು. ಅವರ ಕೈ ನಡುಗುತ್ತಿತ್ತು. ನಮ್ಮ ಬಾಯಲ್ಲಿ ಉತ್ತರವಿರಲಿಲ್ಲ, ಖಾನೆಯಲ್ಲಿತ್ತು.

ಕಾನೂನು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯಿದೆಯಂತೆ, ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಕೈ ಬದಲಾದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಗಾಡಿಯ ಜೊತೆಗೆ ವಿಮೆಯನ್ನೂ 14 ದಿನದೊಳಗೆ ಕೊಂಡವರ ಹೆಸರಿಗೆ ಮಾಡಿಸಿಕೊಳ್ಳಬೇಕು. ಮೂರನೆಯವರಿಗಾದ ಪೆಟ್ಟಿನ ವಿಮೆ ಗಾಡಿಯೊಡನೆಯೇ ಬರುವುದರಿಂದ ಸೈಕಲ್ಲಿನವನಿಗೆ ಪರಿಹಾರ ದೊರೆಯಿತು. ಅದೊಂದು ದೇವರ ದಯೆ. ಆದರೆ ನಾವು ಹತ್ತಬೇಕಾದ ಮೆಟ್ಟಿಲನ್ನು ಆ ಹಿರಿಯರು ಎರಡು ಸಲ ಹತ್ತಿದರು.

ಹೆಸರು ಬದಲಾದ ಮೇಲೆ, ಒಂದು ಭಾನುವಾರ ಅವರನ್ನು ಮರೀನ್ ಡ್ರೈವಿಗೆ ಕರೆದೊಯ್ದೆವು. ಇಬ್ಬರೇ ಕೂರುವ ಗಾಡಿ; ನಮ್ಮಲ್ಲೊಬ್ಬ ರೈಲಿನಲ್ಲಿ ಹೋದ. ಹತ್ತುವ ಮೊದಲು ಅವರು, “ಇನ್ನು ಇದು ನನ್ನದಲ್ಲ ತಾನೆ?” ಎಂದು ಕೇಳಿದರು. ಹೊಸ ಆರ್.ಸಿ. ತೋರಿಸಿದೆವು. ಕನ್ನಡಕ ಏರಿಸಿ ಓದಿ, ಟೋಪಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, “ಹಾಗಾದರೆ ಟಾಪು ತೆಗೆಯಿರಪ್ಪಾ” ಎಂದರು.

ಹಳೆಯ ಗಾಡಿ ಕೊಳ್ಳುವ ತರುಣರಲ್ಲಿ ನಮ್ಮ ಬಿನ್ನಹ ಇಷ್ಟೇ: ಮೊದಲು ಹೆಸರು ಬದಲಿಸಿರಿ, ಆಮೇಲೆ ಟಾಪು ತೆಗೆಯಿರಿ.