ಗಾಡಿ ಬಲ್ಲವರು

ಕೊಯಮತ್ತೂರಿನ ಹತ್ತಿರ ಕಲಂಗಲ್ ಎಂಬ ಹಳ್ಳಿ. ಕಳೆದ ಶತಮಾನದ ಮೊದಲ ದಶಕಗಳು. ಶಾಲೆಯ ಪಾಠ ತಲೆಗೆ ಹತ್ತದ ಹುಡುಗನೊಬ್ಬನ ಕಣ್ಣಿಗೆ, ಬ್ರಿಟಿಷ್ ಅಧಿಕಾರಿಯೊಬ್ಬ ಓಡಿಸಿಕೊಂಡು ಬಂದ ರಡ್ಜ್ ಮೋಟಾರ್‌ಸೈಕಲ್ಲು ಬಿತ್ತು. ಎತ್ತಿಲ್ಲ, ಕುದುರೆಯಿಲ್ಲ, ಆದರೂ ಓಡುತ್ತದೆ! ಹುಡುಗ ಊರು ಬಿಟ್ಟು ಕೊಯಮತ್ತೂರು ಸೇರಿದ, ಹೋಟೆಲಿನಲ್ಲಿ ಸಪ್ಲೈಯರ್ ಆಗಿ ದುಡಿದ, ಕಾಸಿಗೆ ಕಾಸು ಕೂಡಿಟ್ಟು ಕಡೆಗೂ ಒಂದು ಮೋಟಾರ್‌ಸೈಕಲ್ ಕೊಂಡ. ಕೊಂಡವನು ಊರೆಲ್ಲ ಸುತ್ತಿ ಮೆರೆಯಲಿಲ್ಲ. ಗಾಡಿಯನ್ನು ಪೂರ್ತಿ ಬಿಚ್ಚಿ ಹರವಿಕೊಂಡು ಕೂತ. ಯಾವುದು ಯಾವುದನ್ನು ತಿರುಗಿಸುತ್ತದೆ ಅಂತ ತಿಳಿದ ಮೇಲೆ ಮತ್ತೆ ಜೋಡಿಸಿದ.

ಆತನೇ ಜಿ.ಡಿ. ನಾಯ್ಡು. 1893ರಲ್ಲಿ ಹುಟ್ಟಿ 1974ರವರೆಗೆ ಬದುಕಿದ್ದ, ಕೊಯಮತ್ತೂರನ್ನು ಯಂತ್ರಗಳ ಊರಾಗಿಸಿದವರಲ್ಲಿ ಒಬ್ಬರು. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದೇ ಒಂದು ಬಸ್ಸಿನಿಂದ ಸಾರಿಗೆ ವ್ಯವಹಾರ ಶುರುಮಾಡಿದರು. ಪಳನಿಗೆ ಹೋಗುವ ಆ ದಾರಿ ಉಡುಮಲಪೇಟೆಯ ಮೇಲೆ ಹಾದುಹೋಗುತ್ತದೆ. ಈಗ ಭಾನುವಾರ ಬೆಳಕು ಹರಿಯುವ ಮೊದಲೇ ಆ ಕಡೆ ಹೋಗಿ ನಿಂತರೆ, ಕೊಯಮತ್ತೂರು, ತಿರುಪ್ಪೂರುಗಳಿಂದ ಹೊರಟ ಸವಾರರ ಗುಂಪುಗಳು ಒಂದರ ಹಿಂದೊಂದು ಬರುತ್ತವೆ. ಬನಿಯನ್ ಕಾರ್ಖಾನೆಯ ಲೆಕ್ಕ ಬರೆಯುವವರು, ಪಂಪ್‌ಸೆಟ್ ಅಂಗಡಿಯವರು, ಕಾಲೇಜು ಹುಡುಗರು. ವಾರಕ್ಕೆ ಸಿಗುವ ಒಂದು ರಜೆಯ ದಿನವೂ ನಾಲ್ಕು ಗಂಟೆಗೆ ಎದ್ದು ಬಂದ ಪುಣ್ಯಾತ್ಮರು!

ಅಷ್ಟು ಬೇಗ ಯಾಕೆ? ಲಾರಿಗಳು ಕಡಿಮೆ ಅನ್ನುವುದೊಂದು. ಇನ್ನೊಂದು ಗಾಳಿ. ಪಶ್ಚಿಮ ಘಟ್ಟದ ಸಾಲು ಪಾಲಕ್ಕಾಡಿನ ಹತ್ತಿರ ಕಡಿದುಹೋಗಿದೆ. ಮುಂಗಾರಿನ ಗಾಳಿ ಆ ಕಂಡಿಯಿಂದ ನುಗ್ಗಿ ಬರುತ್ತದೆ. ಪಲ್ಲಡಂ, ಉಡುಮಲಪೇಟೆಯ ಬಯಲಿನಲ್ಲಿ ಗಾಳಿಯಂತ್ರಗಳು ನಿಂತಿರುವುದು ಅದಕ್ಕೇ. ಆಷಾಢದಲ್ಲಿ ಬಿಸಿಲೇರಿದ ಮೇಲೆ ಅಲ್ಲಿ ಗಾಡಿ ಓಡಿಸಿದವರಿಗೆ ಗೊತ್ತು: ರಸ್ತೆ ನೇರವಿದ್ದರೂ ಗಾಡಿಯನ್ನು ಗಾಳಿ ಬರುವ ಕಡೆಗೆ ಕೊಂಚ ಓರೆಯಾಗಿಸಿಯೇ ಹೋಗಬೇಕು. ಪಕ್ಕದಲ್ಲಿ ದೊಡ್ಡ ಬಸ್ಸೊಂದು ಅಡ್ಡ ಬಂದು ಗಾಳಿ ತಟ್ಟನೆ ನಿಂತಿತೋ, ಗಾಡಿ ಆ ಕಡೆಗೇ ವಾಲುತ್ತದೆ. ಇದನ್ನು ಯಾವ ಶೋರೂಮಿನವರೂ ಹೇಳಿಕೊಡುವುದಿಲ್ಲ.

ನಮಗೆ ಆ ಸೀಮೆ ಹೊರಗಿನದೇನಲ್ಲ. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಕನ್ನಡ ಮನೆಮಾತಿನ ದೇವಾಂಗ ನೇಕಾರರು ಇಂದಿಗೂ ಅಲ್ಲಿದ್ದಾರೆ. ಚಾಮರಾಜನಗರದಿಂದ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದರೆ ಸತ್ಯಮಂಗಲ, ಅಲ್ಲಿಂದ ಕೊಯಮತ್ತೂರು. ನೀವು ಎಂದೂ ಅತ್ತ ಹೋಗದಿದ್ದರೂ ಆ ಊರು ನಿಮ್ಮ ಗಾಡಿಯಲ್ಲೇ ಇರಬಹುದು. ರೋಲಾನ್ ಚೈನು ಅಲ್ಲಿಯದು, ವೇಗ ತೋರಿಸುವ ಪ್ರಿಕಾಲ್ ಮೀಟರು ಅಲ್ಲಿಯದು, ರೂಟ್ಸ್ ಹಾರನ್ನೂ ಅಲ್ಲಿಯದೇ.

ಚೈನಿನ ಮಾತು ಬಂತು. ಹೊರಡುವ ಮುನ್ನ ಬಲ್ಲ ಸವಾರ ಕುಕ್ಕರಗಾಲಲ್ಲಿ ಕೂತು ಚೈನಿನ ಕೆಳಸಾಲನ್ನು ಬೆರಳಿನಿಂದ ಮೇಲಕ್ಕೊತ್ತಿ ನೋಡುತ್ತಾನೆ. ಸುಮಾರು ಒಂದು ಅಂಗುಲ ಆಡಬೇಕು. ಬಿಗಿಯಾದರೆ ಬೇರಿಂಗ್ ಸವೆಯುತ್ತದೆ, ಸಡಿಲವಾದರೆ ಓಡುವಾಗಲೇ ಹಲ್ಲು ತಪ್ಪುತ್ತದೆ. ಅರ್ಧ ನಿಮಿಷದ ಕೆಲಸ. ಲಕ್ಷಗಟ್ಟಲೆ ಸುರಿದು ಗಾಡಿ ಕೊಂಡು, ಹೆಲ್ಮೆಟ್ಟಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು, ಒಮ್ಮೆಯೂ ಹೀಗೆ ಕೂತು ನೋಡದವರಿದ್ದಾರೆ. ಅವರ ಪ್ರೀತಿ ಗಾಡಿಯ ಮೇಲೋ ತಮ್ಮ ಫೋಟೋದ ಮೇಲೋ, ನನಗಂತೂ ಅನುಮಾನ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳನ್ನು ನೋಡಿ. ಕಾರ್ಖಾನೆ 1996ರಲ್ಲೇ ಮುಚ್ಚಿತು. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿ ಗೇರು ಹಾಕುವ ಆ ಗಾಡಿಗಳು ಇನ್ನೂ ಓಡುತ್ತಿವೆಯೆಂದರೆ, ಬಿಚ್ಚಿ ಜೋಡಿಸಬಲ್ಲ ಕೈಗಳು ಉಳಿದಿರುವುದರಿಂದ.

ಯಂತ್ರದ ಹಾಗೆ ದಾರಿಯನ್ನೂ ಬಲ್ಲವನಾಗಬೇಕು. ಪೊಳ್ಳಾಚಿ ದಾಟಿ ಆಳಿಯಾರು ಅಣೆಕಟ್ಟಿನಿಂದ ವಾಲ್ಪಾರೈಗೆ ಏರುವ ಘಾಟಿಯಲ್ಲಿ 40 ಹೇರ್‌ಪಿನ್ ತಿರುವುಗಳು. ಒಂದೊಂದಕ್ಕೂ ಸಂಖ್ಯೆ ಬರೆದ ಫಲಕ. ತಿರುವಿನಲ್ಲಿ ಕಣ್ಣು ಎಲ್ಲಿ ನೆಟ್ಟಿತೋ ಗಾಡಿ ಅಲ್ಲಿಗೇ ಹೋಗುತ್ತದೆ. ಪ್ರಪಾತದ ಅಂಚನ್ನೇ ನೋಡುತ್ತ ಹೋದವನು ಅಂಚಿಗೇ ಬರುತ್ತಾನೆ. ಮೇಲಿನಿಂದ ಸರ್ಕಾರಿ ಬಸ್ಸು ಇಳಿದರೆ ಇಡೀ ರಸ್ತೆ ಅದಕ್ಕೇ ಬೇಕು, ಬದಿಗೆ ನಿಲ್ಲುವುದು ಕ್ಷೇಮ. ಇದು ಆನೆಮಲೆಯ ಹುಲಿ ಕಾಡು. ಒಂಬತ್ತನೇ ತಿರುವಿನ ಆಸುಪಾಸಿನಲ್ಲಿ ನೀಲಗಿರಿ ತಾರ್ ಎಂಬ ಬೆಟ್ಟದ ಆಡುಗಳು ರಸ್ತೆ ಬದಿಗೇ ಬಂದು ಮೇಯುತ್ತಿರುತ್ತವೆ. ಸೈಲೆನ್ಸರ್ ಕಿತ್ತು ಗುಡುಗಿಸಿಕೊಂಡು ಹೋಗುವವನಿಗೆ ಅವು ಕಾಣುವುದಿಲ್ಲ. ಕೆಳಗೆ ಅವನು ದಾಟಿ ಬಂದ ಹಳ್ಳಿಯಲ್ಲಿ ಯಾರ ಕೂಸು ಬೆಚ್ಚಿ ಎದ್ದಿತೋ ಅದೂ ತಿಳಿಯುವುದಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹತ್ತಿರ ಹತ್ತಿರ 75 ಸಾವಿರ ಮಂದಿ ದ್ವಿಚಕ್ರ ವಾಹನದವರು. ಆದ್ದರಿಂದ ವೇಗದ ಬಡಾಯಿ ಕೇಳಿದಾಗ ನನಗೆ ಚಪ್ಪಾಳೆ ತಟ್ಟಲು ಕೈ ಬರುವುದಿಲ್ಲ.

ಒಳ್ಳೆಯ ಗುಂಪುಗಳಲ್ಲಿ ಒಂದು ಕಟ್ಟಳೆ ಇದೆ. ಹಿಂದೆ ಬರುವವನ ಹೊಣೆ ಮುಂದಿನವನದು. ಕನ್ನಡಿಯಲ್ಲಿ ಹಿಂದಿನವನ ದೀಪ ಕಾಣದಿದ್ದರೆ ನಿಧಾನಿಸಬೇಕು, ಆಗಲೂ ಕಾಣದಿದ್ದರೆ ನಿಲ್ಲಬೇಕು. ಅವನು ನಿಂತದ್ದು ಅವನ ಮುಂದಿನವನಿಗೆ ಕಾಣುತ್ತದೆ, ಹೀಗೇ ಒಬ್ಬೊಬ್ಬರಾಗಿ ಇಡೀ ಸಾಲು ನಿಲ್ಲುತ್ತದೆ. ಹೆಲ್ಮೆಟ್ಟಿನೊಳಗೆ ಎಲ್ಲರೂ ಒಂಟಿ, ದಾರಿಯುದ್ದಕ್ಕೂ ಒಂದು ಮಾತಿಲ್ಲ. ಆದರೂ ಯಾರೊಬ್ಬರೂ ಕಳೆದುಹೋಗುವುದಿಲ್ಲ. ಅನುಭವಿಗಳಲ್ಲಿ ಒಬ್ಬ ಮುಂದಿರುತ್ತಾನೆ, ದಾರಿ ತೋರಲು. ಇನ್ನೊಬ್ಬ ಕಟ್ಟಕಡೆಗೆ. ಅವನನ್ನು ಸ್ವೀಪ್ ಎನ್ನುತ್ತಾರೆ. ಪಂಕ್ಚರ್ ಸಾಮಾನು, ಸ್ಪಾನರ್, ಔಷಧದ ಡಬ್ಬಿ ಅವನ ಚೀಲದಲ್ಲಿ. ಮೊನ್ನೆ ಮೊನ್ನೆ ಲೈಸೆನ್ಸ್ ಪಡೆದ ಹುಡುಗನ ಹಿಂದೆ, ಅವನದೇ ನಿಧಾನದಲ್ಲಿ ಬರುವುದು ಇವನ ಪಾಲು. ಮುಂದಿನವರು ಹೋಟೆಲು ಸೇರಿ, ಪೊಂಗಲ್ ಮುಗಿಸಿ, ಎರಡನೇ ಕಾಫಿ ಹೇಳುವ ಹೊತ್ತಿಗೆ ಇವನ ಗಾಡಿ ಬರುತ್ತದೆ. ಅಷ್ಟರಲ್ಲಿ ವಡೆ ಖಾಲಿಯಾಗಿರುತ್ತದೆ. ಇವನು ಇಡ್ಲಿ ಹೇಳಿ, ಅದು ಬರುವಷ್ಟರಲ್ಲಿ ಹುಡುಗನ ಗಾಡಿಯ ಚೈನು ಒತ್ತಿ ನೋಡುತ್ತಾನೆ.